ಎಂಟಾಣೆ ಉರಿ

ಗೋರ್ವಾ ಬಡಾವಣೆಯ ಹಾಲಪ್ಪನಿಗೆ ಯಾವುದನ್ನೂ ಇದ್ದಷ್ಟೇ ಹೇಳಿ ಅಭ್ಯಾಸವಿರಲಿಲ್ಲ. ವಡೋದರದ ರೈಲ್ವೆ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಕೂದಲೆಳೆಯಷ್ಟೂ ಅಳತೆ ತಪ್ಪುತ್ತಿರಲಿಲ್ಲ. ಬಾಯಿ ತೆರೆದನೆಂದರೆ ಮಾತ್ರ ಸೊಳ್ಳೆ ಎಮ್ಮೆಯಾಗುತ್ತಿತ್ತು, ಆ ಎಮ್ಮೆ ಹಾಲನ್ನೂ ಕೊಡುತ್ತಿತ್ತು.

ದಿನಾ ಸಂಜೆ ಹೌಸಿಂಗ್ ಸೊಸೈಟಿಯ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಅವನ ದರ್ಬಾರು. ಅರ್ಧ ಹಿಂದಿ, ಕಾಲು ಗುಜರಾತಿ, ಉಳಿದದ್ದು ದಾವಣಗೆರೆ. ವಡೋದರದ ಮೇ ತಿಂಗಳ ಬಿಸಿಲಿಗೆ ಕಾಗೆಯೊಂದು ಹಾರುತ್ತಿದ್ದಂತೆಯೇ ಬೆಂದು, ನೆಲಕ್ಕೆ ಬೀಳುವ ಹೊತ್ತಿಗೆ ಉಪ್ಪು ನಿಂಬೆಹುಳಿ ಮಾತ್ರ ಬಾಕಿ ಇತ್ತೆಂದು ಅವನು ಹೇಳಿದರೆ, ಈರುಳ್ಳಿಯನ್ನೂ ಮುಟ್ಟದ ನೆರೆಮನೆಯ ಜಶುಭಾಯಿ ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊರು ಬಿಟ್ಟು ಬಂದವನಿಗೆ ಆ ಬೆಂಚೇ ಊರು. ಮಾತು ಆಡಿದಷ್ಟು ಹೊತ್ತು ತಾನೂ ಲೆಕ್ಕಕ್ಕುಂಟು ಎಂಬ ಧೈರ್ಯ ಅವನಿಗೆ.

ಹೋದ ನವರಾತ್ರಿ ಕಳೆದು ವಾರಕ್ಕೆ ಅವನ ಎಡಪಕ್ಕೆಗೆ ಸರ್ಪಸುತ್ತು ಬಂತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿ ಉದುರಿದವು, ಉರಿ ಮಾತ್ರ ಉಳಿಯಿತು. ಹಾವು ಮನೆ ಖಾಲಿ ಮಾಡಿ ವಿಷವನ್ನು ಒಳಬಾಡಿಗೆಗೆ ಕೊಟ್ಟು ಹೋದ ಹಾಗೆ. ಅಂಗಿಯ ಅಂಚು ತಾಗಿದರೆ ಕಾದ ತಂತಿ ಎಳೆದಂತೆ ಆಗುತ್ತಿತ್ತು. ಫ್ಯಾನಿನ ಗಾಳಿ ಕೂಡ ಉಗುರು ಬೆಳೆಸಿಕೊಂಡು ಬರುತ್ತಿತ್ತು. ಹಾಲಪ್ಪ ಬರಿಮೈಯಲ್ಲಿ, ಎಡಗೈಯನ್ನು ದೂರ ಹಿಡಿದು, ಒಂದು ರೆಕ್ಕೆ ಮುರಿದ ಕೋಳಿಯ ಹಾಗೆ ನಡುಮನೆಯಲ್ಲಿ ತಿರುಗುತ್ತಿದ್ದ.

ವಿಚಿತ್ರವೆಂದರೆ, ಕಾಗೆಯನ್ನು ಬೇಯಿಸಿದ ಅದೇ ಬಾಯಿ ಮನೆಯಲ್ಲಿ ಈ ನೋವಿನ ಅಳತೆ ಹೇಳುವಾಗ ಒಂದು ಗುಲಗಂಜಿಯಷ್ಟನ್ನೂ ಕೂಡಿಸಲಿಲ್ಲ. ಭಯವಾಗಿತ್ತು ಅವನಿಗೆ. ಅವನಪ್ಪ ಹಬ್ಬದ ಹೋಳಿಗೆಯ ಸಿಹಿಯಿಂದ ಹಿಡಿದು ಮೊಣಕಾಲಿನ ನೋವಿನವರೆಗೆ ಎಲ್ಲವನ್ನೂ ಆಣೆಯಲ್ಲೇ ಹೇಳುತ್ತಿದ್ದ. ಹದಿನಾರಾಣೆ ಎಂದರೆ ಪೂರ್ತಿ, ಎಂಟಾಣೆ ಎಂದರೆ ಅರ್ಧ. ಹಾಲಪ್ಪನೂ ತನ್ನ ಉರಿಯನ್ನು ಹಾಗೆಯೇ ತೂಗಿ ತೂಗಿ ಹೇಳತೊಡಗಿದ.

ನೋವಿನ ಕ್ಲಿನಿಕ್ಕಿನ ಡಾಕ್ಟರ್ ಮಂಥನ್ ಒಳ್ಳೆಯ ಹುಡುಗ. ನರದ ಮಾತ್ರೆ ಬರೆದುಕೊಟ್ಟು, "ಅಂಕಲ್, ದಿನಾ ಸಂಜೆ ನೋವು ಎಷ್ಟು ಅಂತ ಫೋನಿನಲ್ಲಿ ತುಂಬಿ. ಸೊನ್ನೆ ಅಂದರೆ ಇಲ್ಲ, ಹತ್ತು ಅಂದರೆ ತಡೆಯೋಕಾಗಲ್ಲ" ಎಂದು ಹಿಂದಿಯಲ್ಲಿ ತಿಳಿಸಿದ. ತುಂಬುವ ಕೆಲಸ ಮಗಳು ಸಂಜನಾಳದು. ಆಕೆ ಮಕರಪುರದ ಸ್ವಿಚ್‌ಗೇರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಬಾಯಲ್ಲಿ ಕನ್ನಡ ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ ಬಾಗಿಲ ಹತ್ತಿರವೇ ನಿಂತಿರುತ್ತಿತ್ತು.

"ಪಪ್ಪಾ, ಇವತ್ತು ಎಷ್ಟು? ಜಲ್ದಿ ಹೇಳಿ."

"ಹನ್ನೆರಡಾಣೆ ಐತವ್ವ."

ಸಂಜನಾ ಹಲ್ಲು ಕಚ್ಚಿ ನಗು ತಡೆದು ಹತ್ತು ಒತ್ತುತ್ತಿದ್ದಳು. ಹತ್ತರ ಮೇಲೆ ಅದರಲ್ಲಿ ಜಾಗವೇ ಇರಲಿಲ್ಲ.

ಎರಡನೇ ತಿಂಗಳಿಗೆ ಮಾತ್ರೆ ಕೆಲಸ ಮಾಡಿತು. ಉರಿ ಅರ್ಧಕ್ಕೆ ಇಳಿಯಿತು. ಹಾಲಪ್ಪ ಒಂದು ಮೆತ್ತನೆ ಬನಿಯನ್ ಹಾಕಿಕೊಂಡು ಕನ್ನಡಿಯ ಮುಂದೆ ಮದುಮಗನ ಹಾಗೆ ನಿಂತು, "ಈಗ ಎಂಟಾಣೆ ಅಷ್ಟೇ ನೋಡವ್ವ. ಬರ್ಕಾ" ಎಂದ. ಸಂಜನಾ ಎಂಟು ಒತ್ತಿದಳು.

ಡಾಕ್ಟರು ಪರದೆ ನೋಡಿದ. ಹತ್ತು, ಹತ್ತು, ಹತ್ತು, ಎಂಟು, ಎಂಟು. ಹುಬ್ಬು ಗಂಟಾಯಿತು. "ಕೇಮ್ ಛೋ ಅಂಕಲ್? ಹೇಗಿದೆ?" ಎಂದು ಕೇಳಿದ. ಸರಿಯಾದ ಲೆಕ್ಕ ಫೋನಿನಲ್ಲಿದೆಯಲ್ಲ ಎಂದು ಹಾಲಪ್ಪ ಕೇಳುಗರು ಸಿಕ್ಕ ಖುಷಿಗೆ, "ಪಕ್ಕೆಯಲ್ಲಿ ತಂದೂರ್ ಹಚ್ಚಿದಾರೆ ಡಾಕ್ಟರ್ ಸಾಬ್, ಇಪ್ಪತ್ತು ರೋಟಿ ಆರಾಮಾಗಿ ಸುಡಬಹುದು" ಎಂದ. ಡಾಕ್ಟರು ನಕ್ಕು, ಮಾತು ಬಿಟ್ಟು ಅಂಕಿಯನ್ನು ನಂಬಿದ. ಮಾತ್ರೆ ಇಮ್ಮಡಿಯಾಯಿತು. ಮುಂದಿನ ತಿಂಗಳೂ ಎಂಟು. ಅದರ ಮೇಲೆ ಇನ್ನೊಂದು ಮಾತ್ರೆ ಸೇರಿತು.

ಅಲ್ಲಿಂದ ಹಾಲಪ್ಪ ಕೂತಲ್ಲೇ ಕರಗತೊಡಗಿದ. ಪಾದಗಳು ಬನ್ನಿನ ಹಾಗೆ ಊದಿದವು. ತುತ್ತು ಬಾಯಿಗೂ ತಟ್ಟೆಗೂ ನಡುವೆ ಒಂದು ನಿದ್ದೆ ಮುಗಿಸಿ ಬರುತ್ತಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದು ಅಹಮದಾಬಾದಿಗೆ ನಡೆದು ಹೋದಷ್ಟು ದೂರವಾಯಿತು. ಅದನ್ನೆಲ್ಲ ಅವನು ಸಹಿಸಿಕೊಂಡ. ಒಂದು ಸಂಜೆ ಬೆಂಚಿನಲ್ಲಿ ಯಾರೋ ಕಾಗೆಯ ಕಥೆ ಕೇಳಿದರು. ಹಾಲಪ್ಪ ಶುರು ಮಾಡಿದ. ಬಿಸಿಲು ಬಂತು, ಕಾಗೆ ಹಾರಿತು. ಹಾರಿದ ಕಾಗೆ ಕೆಳಗೆ ಬೀಳಲೇ ಇಲ್ಲ. ತಲೆಯೊಳಗೆ ಮುಂದಿನ ಮಾತು ಎಲ್ಲಿತ್ತೋ, ಅಲ್ಲಿ ಬರೀ ಹತ್ತಿ ತುರುಕಿದಂತಿತ್ತು.

"ಪಛೀ?" ಎಂದರು ಜಶುಭಾಯಿ. ಆಮೇಲೆ?

ಹಾಲಪ್ಪ ತಲೆಯೆತ್ತಿ ಆಕಾಶ ನೋಡಿದ. ಉಳಿದವರೂ ಒಂದು ಗಳಿಗೆ ನೋಡಿದರು. ಆಮೇಲೆ ಒಬ್ಬೊಬ್ಬರೇ ಮನೆ ಕಡೆ ಎದ್ದರು. ಮರುದಿನದಿಂದ ಅವನು ಬೆಂಚಿಗೆ ಹೋಗಲಿಲ್ಲ.

ಹೆಂಡತಿ ಸಾವಿತ್ರಿ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹೇಳಿದ: "ಉರಿ ಬೇಕಾದ್ರೆ ಇರ್ಲಿ ಕಣೇ. ನನ್ನ ಮಾತು ಎತ್ಲಾಗೋ ಹೊಂಟೈತಿ. ಅದೂ ಹೋದ್ರೆ ನಾನು ಏನಂತ ಕುಂದ್ರಲಿ?"

"ಡಾಕ್ಟ್ರಿಗೆ ಹೇಳಾದಲ್ವಾ?"

"ಏನಂತ ಹೇಳ್ಲಿ? ಮಿಶಿನ್‌ನಾಗೆ ನೋವು ಕಡಿಮೆ ಆಗಿಲ್ಲ ಅಂತ ಬರ್ತೈತಂತೆ. ನನಗಿಂತ ಅದಕ್ಕೇ ಜಾಸ್ತಿ ಗೊತ್ತಿರ್ಬೇಕು."

ಮುಂದಿನ ಭೇಟಿಯ ದಿನ ಬೆಳಿಗ್ಗೆ ಸಂಜನಾ ತಿಂಗಳ ಅಂಕಿಗಳನ್ನು ನೋಡುತ್ತ, "ಮಮ್ಮಿ, ಪಪ್ಪಾಗೆ ಈ ಔಷಧ ಸೂಟ್ ಆಗ್ತಾ ಇಲ್ಲ. ಇಡೀ ತಿಂಗಳು ಎಂಟು. ಮೊದ್ಲು ಹನ್ನೆರಡು, ಹದಿನಾರು ಎಲ್ಲ ಹೇಳ್ತಿದ್ರು. ಹತ್ತರ ಮೇಲೆ ಇಲ್ಲ ಅಂತ ನಾನು ಹತ್ತೇ ಹಾಕಿದೆ" ಎಂದಳು.

ಸಾವಿತ್ರಿಯ ಕೈಯಲ್ಲಿದ್ದ ಸೌಟು ನಿಂತಿತು. "ಎಂಟು ಯಾವಾಗ ಅಂದ್ರೇ? ಎಂಟಾಣೆ ಅಂದ್ರು."

"ಅದೇ. ಎಂಟು, ಆಣೆ."

"ಆಣೆ ಅಂದ್ರೆ?"

"ಪ್ರಾಮಿಸ್. ನೀನು ನನ್ನಾಣೆ, ದೇವರಾಣೆ ಅಂತೀಯಲ್ಲ, ಹಾಗೆ. ಪಪ್ಪಾ ಯಾವಾಗ್ಲೂ ಬಣ್ಣ ಹಚ್ಚಿ ಹೇಳ್ತಾರಲ್ವಾ, ಅದಕ್ಕೆ ಆಣೆ ಇಟ್ಟು ಹೇಳ್ತಾರೆ ಅಂದ್ಕೊಂಡೆ. ಎಂಟು, ದೇವರಾಣೆ ಎಂಟು, ಅಂತ."

ಸಾವಿತ್ರಿ ಗ್ಯಾಸ್ ಆರಿಸಿದಳು. "ಎಂಟಾಣೆ ಅಂದ್ರೆ ಅರ್ಧ ಕಣೇ ನನ್ನವ್ವ. ಅರ್ಧ! ನಿಮ್ಮಪ್ಪಗೆ ಅರ್ಧ ವಾಸಿ ಆಗಿತ್ತು."

ಸಂಜನಾ ಫೋನು ನೋಡಿದಳು. ನಡುಮನೆಯಲ್ಲಿ ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು ತೂಕಡಿಸುತ್ತಿದ್ದ ಅಪ್ಪನನ್ನು ನೋಡಿದಳು. ಓಡಿಹೋಗಿ ಅವನ ಊದಿದ ಪಾದಗಳನ್ನು ಹಿಡಿದು ಅಳತೊಡಗಿದಳು. ಅವನಿಗೆ ಎಚ್ಚರವಾಗಿ, ಯಾರು ಸತ್ತರೆಂದು ಕೇಳಿದ.

ಕ್ಲಿನಿಕ್ಕಿನಲ್ಲಿ ಮಂಥನ್ ಹಣೆ ಒತ್ತಿಕೊಂಡ. "ಆಠ್ ಆನಾ! ನನ್ನ ತಾತ ಈಗಲೂ ಹಾಗೇ ಹೇಳ್ತಾರೆ. ಅಂಕಲ್, ನನಗೇ ಒಂದು ಸಲ ಹೇಳಿದ್ದರೆ ಸಾಕಿತ್ತಲ್ಲ." ಪರದೆಯನ್ನು ಪಕ್ಕಕ್ಕೆ ತಿರುಗಿಸಿ, "ನಾನೂ ಸರಿಯಾಗಿ ಕೇಳಬೇಕಿತ್ತು" ಎಂದ. ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ಆರು ವಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಎಂದು ಕಾಗದದ ಮೇಲೆ ಬರೆದುಕೊಟ್ಟ.

ಮೆಟ್ಟಿಲು ಇಳಿದಂತೆ ಮಾತುಗಳು ಹಿಂದಿರುಗಿದವು. ಮೊದಲು ಸಾಮಾನುಗಳ ಹೆಸರು, ಆಮೇಲೆ ಮನುಷ್ಯರ ಹೆಸರು, ಕೊನೆಗೆ ಬೈಗುಳ. ಆದರೆ ಉರಿಯೂ ಅದೇ ಗಾಡಿ ಹತ್ತಿ ಬಂತು. ಮೊದಲು ಉರಿಯನ್ನು ಅರ್ಧಕ್ಕೆ ಇಳಿಸಿದ್ದ ಪ್ರಮಾಣಕ್ಕೇ ಮಾತ್ರೆ ಬಂದು ನಿಂತರೂ ಈ ಸಲ ಉರಿ ಅರ್ಧಕ್ಕೆ ಇಳಿಯಲಿಲ್ಲ. ಯಾಕೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ನರಗಳು ಹೀಗೆಯೇ, ಕೆಲವರಲ್ಲಿ ಹಟ ಹಿಡಿಯುತ್ತವೆ ಎಂದ. "ಮತ್ತೆ ಸ್ವಲ್ಪ ಏರಿಸೋಣವಾ? ಏರಿಸಿದರೆ ಮಂಪರೂ ಬರುತ್ತೆ. ನೀವೇ ಹೇಳಿ ಅಂಕಲ್."

ಸಂಜನಾ ಅಪ್ಪನ ಮುಖ ನೋಡಿದಳು. ಹಾಲಪ್ಪ ತನ್ನ ಬಾಯಿಯಿಂದಲೇ, ಬಿಡಿಸಿ ಬಿಡಿಸಿ, ಹಿಂದಿಯಲ್ಲಿ ಹೇಳಿದ: "ಬೇಡ. ಉರಿಯಲಿ. ತಲೆ ನನ್ನದಿರಲಿ."

ಆ ಭಾನುವಾರ ಸಂಜೆ, ತನಗಿಂತ ಎರಡು ಸೈಜು ದೊಡ್ಡದಾದ ಹಳೇ ಹತ್ತಿಯ ಅಂಗಿ ತೊಟ್ಟು, ಎಡಗೈ ಪಕ್ಕೆಗೆ ತಾಗದಂತೆ ಹಿಡಿದುಕೊಂಡು, ಮೂರು ತಿಂಗಳ ಮೇಲೆ ಅವನು ಬೆಂಚಿಗೆ ಬಂದ. ಅಂಗಿ ನೋಡಿ ಎಲ್ಲರೂ ವಾಸಿಯಾಯಿತು ಎಂದುಕೊಂಡರು. ಜಶುಭಾಯಿ ಜಾಗ ಬಿಟ್ಟುಕೊಟ್ಟರು. ಹಾಲಪ್ಪ ಹೊಸ ಕಥೆ ತೆಗೆದ. ವಿಶ್ವಾಮಿತ್ರಿ ನದಿಗೆ ನೆರೆ ಬಂದ ವರ್ಷ ಒಂದು ಮೊಸಳೆ ಶೆಡ್ಡಿಗೆ ನುಗ್ಗಿತು. ಎಂಜಿನ್ನಿನ ಮೇಲೆ ಹತ್ತಿತು. ಬಾಲ ಬಡಿದಲ್ಲಿ ಸಿಳ್ಳೆ ಕೂಗಿತು. ಸಿಗ್ನಲಿನವನು ಯಾರೋ ಹೊಸ ಡ್ರೈವರ್ ಇರಬೇಕೆಂದು ಹಸಿರು ಕೊಟ್ಟೇಬಿಟ್ಟ. ಮಾತು ಎಲ್ಲೂ ತಡೆಯಲಿಲ್ಲ. ಎಂಜಿನ್ ಭರೂಚ್ ದಾಟಿತು. ಮೊಸಳೆ ಸೂರತ್ತಿನಲ್ಲಿ ಇಳಿದು, ಅಂಗಡಿಗೆ ಹೋಗಿ, ಒಂದು ಕಿಲೋ ಘಾರಿ ಮಿಠಾಯಿ ಕಟ್ಟಿಕೊಡಿ, ತುಪ್ಪ ಜಾಸ್ತಿ ಇರಲಿ ಎಂದಿತು.

"ಅರೇ ವಾಹ್, ಹಾಲಪ್ಪಭಾಯಿ!" ಜಶುಭಾಯಿ ಖುಷಿಯಲ್ಲಿ ಅವನ ಎಡಪಕ್ಕೆಗೆ ಬಲವಾಗಿ ತಟ್ಟಿದರು.

ಹಾಲಪ್ಪನ ಬಾಯಿಂದ ಹೊರಟ ಕೂಗಿಗೆ ಬೇವಿನ ಮರದ ಗಿಳಿಗಳೆಲ್ಲ ಎದ್ದವು. ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದ. ಮೊಣಕೈ ಊರಿ, ಬಾಯಿ ಅಗಲಿಸಿ, ಗಾಳಿಗಾಗಿ ಹೊರಳಿದ.

"ನೋಡ್ರೋ, ಮೊಸಳೆ!" ಎಂದು ಯಾರೋ ಕೂಗಿದರು. ನಗು ಸಿಡಿಯಿತು.

"ಸಚ್ ಮೇ," ಎಂದ ಹಾಲಪ್ಪ ನೆಲದಿಂದ. "ಸಚ್ ಮೇ ದರ್ದ್ ಹೈ." ನಿಜವಾಗಿಯೂ ನೋವು.

ನಗು ಇನ್ನೂ ಜೋರಾಯಿತು. ಕಣ್ಣೊರೆಸಿಕೊಳ್ಳುತ್ತ ಜಶುಭಾಯಿ ಪಕ್ಕದವರ ಹೆಗಲಿಗೆ ಒರಗಿದರು. ಅಷ್ಟು ದೊಡ್ಡ ನಗು ಆ ಬೆಂಚಿಗೆ ಎಂದೂ ಬಿದ್ದಿರಲಿಲ್ಲ. ಹಾಲಪ್ಪ ಕೆಳಗಿನಿಂದ ಅವರ ಹಲ್ಲುಗಳನ್ನೆಲ್ಲ ಒಂದೊಂದಾಗಿ ನೋಡಿದ. ಆಮೇಲೆ ಮರದ ಕಾಂಡ ಹಿಡಿದು ಎದ್ದ, ಬೆವರು ಒರೆಸಿಕೊಂಡ, ಬೆಂಚಿನ ತುದಿಯಲ್ಲಿ ಬಲಕ್ಕೆ ವಾಲಿ ಕೂತ.

"ಎಲ್ಲಿಗೆ ಬಂದಿತ್ತು?" ಎಂದ, ಉಸಿರು ಸಿಕ್ಕ ಮೇಲೆ.

"ಸೂರತ್! ಸೂರತ್!"

"ಹ್ಞಾಂ, ಸೂರತ್," ಎಂದು ಅವನು ಮುಂದುವರಿಸಿದ.