ಹಸಿರು ಗೋಡೆಯ ಯಜಮಾನರು

ಹೋದ ವಾರ ಮಾಗಡಿಯ ಹೊಸ ಕಟ್ಟಡವೊಂದರ ಮುಂದೆ ತೆಂಗಿನ ನಾರಿನ ಪುಡಿಯ ಮೂಟೆ ಬಿಚ್ಚಿ ನೀರು ಹಾಕಿದೆವು. ಒದ್ದೆ ನಾರಿನ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಯಜಮಾನರು ನೆನಪಾದರು. ಏಣಿಯ ಮೇಲೆ ಅವರು, ಕೆಳಗೆ ಎಲ್ಲ ಬಲ್ಲವನಂತೆ ಸೊಂಟಕ್ಕೆ ಕೈಯಿಟ್ಟುಕೊಂಡು ನಾನು...

ಕಟ್ಟಡಗಳ ಗೋಡೆಯ ಮೇಲೆ ಗಿಡ ಬೆಳೆಸುವುದು ನನ್ನ ಕಸುಬು. ಗೋಡೆಗೊಂದು ಕಬ್ಬಿಣದ ಚೌಕಟ್ಟು, ಅದಕ್ಕೆ ಸಾಲಾಗಿ ಬಟ್ಟೆಯ ಜೇಬು, ಜೇಬಿಗೊಂದು ಗಿಡ, ಮೇಲಿನಿಂದ ಹನಿ ನೀರಿನ ಪೈಪು. ಕೂರಿಸುವುದು ಸುಲಭ, ಉಳಿಸುವುದಿದೆಯಲ್ಲ, ಅದು ಪ್ರಾಣ ತಿನ್ನುತ್ತದೆ. ರಾಮನಗರದ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ನನ್ನ ಮೊದಲ ಗೋಡೆಯನ್ನು ಉಳಿಸಿಕೊಟ್ಟವರು ಹೊಂಗನೂರಿನ ಈ ರೇಷ್ಮೆ ಬೆಳೆಗಾರರು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದೆವು. ಊರಿನಲ್ಲಿ ಅವರ ಕೈಗುಣಕ್ಕೆ ಹೆಸರಿತ್ತು. ಹೊಸದಾಗಿ ಹುಳ ಸಾಕುವವರು ಮೊದಲ ಸೊಪ್ಪನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರಂತೆ.

ಕೆಲಸಕ್ಕೆ ಸೇರುವಾಗಲೇ ಒಂದು ಷರತ್ತು ಹಾಕಿದ್ದರು. "ಔಷ್ದಿ ಮಾತ್ರ ಒಡೆಯಂಗಿಲ್ಲ ಸಾ. ಮನೇಲಿ ಉಳ ಐತೆ. ಒಸಿ ಸೋಕುದ್ರೂ ಸತ್ತೋಯ್ತವೆ."

ನಾನು ಧಾರಾಳವಾಗಿ ಒಪ್ಪಿದೆ. ಗಿಡಕ್ಕೆ ತಿಗಣೆ ಹತ್ತಿದರೆ ಅವರು ಹೆಗಲ ಮೇಲಿನ ಟವಲು ಒದ್ದೆ ಮಾಡಿಕೊಂಡು ಒಂದೊಂದೇ ಎಲೆ ಒರೆಸುತ್ತಿದ್ದರು. ನೋಡುವ ನಮಗೆ ಬೇಸರ ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಹೋಟೆಲಿನ ಉದ್ಘಾಟನೆಗೆ ಮೂರು ದಿನವಿತ್ತು. ಅವರ ಮನೆಯಲ್ಲಿ ಹುಳ ಕೊನೆಯ ಪೊರೆ ಕಳಚಿ ಗಬಗಬನೆ ಸೊಪ್ಪು ತಿನ್ನುವ ಹೊತ್ತು. ಅಲ್ಲೊಂದು ಇಲ್ಲೊಂದು ಕಂಡ ತಿಗಣೆಯನ್ನು ಬಂದು ಒರೆಸುತ್ತೇನೆಂದು ಒಂದು ದಿನ ರಜೆ ಕೇಳಿ ಹೋದರು. ಅದೇ ದಿನ ನೋಡುತ್ತೇನೆ, ಗೋಡೆಯ ತುಂಬ ಬಿಳಿ ತಿಗಣೆ! ಮಾಲೀಕರ ಕೂಗಾಟ ಬೇರೆ. ಪಂಪು ಬೆನ್ನಿಗೇರಿಸಿ ನಾನೇ ಔಷಧಿ ಹೊಡೆದುಬಿಟ್ಟೆ.

ಮರುದಿನ ಯಜಮಾನರು ಬಂದು ಗೋಡೆ ನೋಡಿ ಹಿಗ್ಗಿದರು. "ತಿಗಣೆ ಎಲ್ಲ ತಂತಾನೇ ಒಂಟೋಗವೆ ಸಾ!" ಅಂದರು. ಎಂದಿನಂತೆ ಎಲೆಗಳನ್ನೆಲ್ಲ ಟವಲಿನಿಂದ ಒರೆಸಿದರು. ನಾನು ನೋಡುತ್ತಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಸಂಜೆ ಟವಲು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು...

ನಾಲ್ಕು ದಿನ ಅವರ ಸುಳಿವಿಲ್ಲ. ಐದನೆಯ ದಿನ ಬಂದವರು ಏಣಿಯ ಹತ್ತಿರವೂ ಹೋಗಲಿಲ್ಲ.

"ಉಳ ಎಲ್ಲ ಹಸ್ರು ಕಕ್ಕಂಡು ಸತ್ತೋದ್ವು ಸಾ. ಸೊಪ್ಪು ಕುಯ್ದಿದ್ದು ನಾನೇ, ಬಾಡ್ದಿರ್ಲಿ ಅಂತ ಈ ಟವಲ್ ಮುಚ್ಚಿ ಮಡಗಿದ್ದು ನಾನೇ, ಹಾಕಿದ್ದೂ ನಾನೇ. ಬ್ಯಾರೆ ಯಾರೂ ಮುಟ್ಟಿಲ್ಲ. ನನ್ ಕೈಗುಣವೇ ಓಗ್ಬುಡ್ತು. ಇನ್ ಗಿಡ ಮುಟ್ಟಕಿಲ್ಲ. ನಿಮ್ ಗ್ವಾಡೆನೂ ಸತ್ತೋದದು."

ಕೈಕಾಲಿಗೆ ಸೋಪು ಹಾಕಿ ತೊಳೆಯದೆ ಹುಳದ ಮನೆಯ ಹೊಸಿಲು ದಾಟದ ಮನುಷ್ಯ ಅವರು. ಟವಲಿನ ಮೇಲೆ ಅನುಮಾನವೇ ಬಂದಿರಲಿಲ್ಲ, ನನ್ನ ಮಾತು ನಂಬಿದ್ದರಲ್ಲ! ನಾನು ಔಷಧಿ ಹೊಡೆದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅದರ ಬದಲು "ಹೋಗ್ಬನ್ನಿ ಯಜಮಾನ್ರೇ" ಅಂದೆ. ಹೇಡಿ ನಾನು.

ಇವತ್ತು ಹೋಗೋಣ, ನಾಳೆ ಹೋಗೋಣ ಅನ್ನುತ್ತಲೇ ವರ್ಷಗಳು ಉರುಳಿದವು. ಮಾಗಡಿಯಿಂದ ಬಂದ ಮರುದಿನ ಕೊನೆಗೂ ಹೊಂಗನೂರಿಗೆ ಹೋದೆ. ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿ ನೀರು ಕೊಟ್ಟರು. ನಡೆದದ್ದನ್ನೆಲ್ಲ ಆಕೆಗೆ ಹೇಳಿದೆ.

ಆಕೆ ಬೈಯಲಿಲ್ಲ. "'ನನ್ ಕೈ ಸರಿಗಿಲ್ಲ' ಅಂತ ಅವ್ರು ಮೊಮ್ಮಗಳ್ನೂ ಎತ್ಕಳ್ಲಿಲ್ಲ ಕಣಪ್ಪ, ಸಾಯಗಂಟ," ಅಂದರು.