ದಿಂಬೊಂದು ಉಳಿದಿತ್ತು

ಟೊಂಯ್, ಟೊಂಯ್. ಹತ್ತಿ ಹಿಂಜುವವನ ಬಿಲ್ಲಿನ ತಂತಿ ಮಿಡಿದರೆ ಸಾಕು, ಒಂದು ಕಾಲಕ್ಕೆ ಬೀದಿಯ ಮಕ್ಕಳೆಲ್ಲ ಓಡಿಬರುತ್ತಿದ್ದರು, ಅವರ ಬೆನ್ನಿಗೇ ಹೆಂಗಸರು. ಈಗ ಕಿಟಕಿಗಳೂ ತೆರೆಯುವುದಿಲ್ಲ. ಅಂಗಡಿಯಲ್ಲಿ ಸ್ಪಂಜಿನ ಹಾಸಿಗೆ ಸುತ್ತಿಟ್ಟು ಕೊಡುವಾಗ ಹಳೆಯ ಹತ್ತಿ ಹಿಂಜಿಸಿ ಹೊಲಿಸುವವರು ಯಾರು? ಹತ್ತಿಯ ಬೆಲೆಯೋ, ಅಕ್ಕಿಯ ಜೊತೆ ಪಂದ್ಯ ಕಟ್ಟಿದಂತೆ ಏರುತ್ತಿತ್ತು.

ಅಂಥದ್ದರಲ್ಲಿ ಮಹಡಿಮನೆಯ ಅಮ್ಮ ಕರೆದು ಕೆಲಸ ಕೊಟ್ಟಾಗ ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವರ ಹಳೆಯ ಹತ್ತಿ ಅರ್ಧ ಹಾಸಿಗೆಗೂ ಸಾಲದು. ಹೊಸದಕ್ಕೆ ಮುಂಗಡ ಕೇಳಿದರೆ, "ಮೊದಲು ಹಾಸಿಗೆ, ಆಮೇಲೆ ಕಾಸು" ಅಂದುಬಿಟ್ಟರು.

ಮರುದಿನ ಬೆಳಗ್ಗೆ ಅವನು ಮನೆಯಲ್ಲಿ ಹೆಂಡತಿಯ ಹಾಸಿಗೆಯ ಹೊಲಿಗೆ ಬಿಚ್ಚಿದ. ಜ್ವರವೇನೋ ಬಿಟ್ಟಿತ್ತು; ಎದ್ದು ಕೂರಲು ಅವಳಿಗೆ ತ್ರಾಣವಿರಲಿಲ್ಲ. ಹೊಟ್ಟೆಗೆ ಗಂಜಿಯಾದರೂ ಬೀಳಲಿ ಅಂದಿದ್ದರು ಡಾಕ್ಟರು. ಅಕ್ಕಿಯ ಡಬ್ಬಿ ಬೋರಲು ಬಿದ್ದಿತ್ತು.

"ಮದುವೆಯಾದ ಹೊಸದರಲ್ಲಿ ನೀವೇ ಹೊಲಿದು ಕೊಟ್ಟಿದ್ದು ಕಣ್ರೀ ಇದು," ಚಾಪೆಗೆ ಜರುಗುತ್ತ ಅವಳು ನಕ್ಕಳು. "ಊರಿಗೆಲ್ಲ ಮೆತ್ತಗೆ, ನನ್ನ ಬೆನ್ನಿಗೆ ನೆಲ."

"ಸಂಜೆ ಗಂಜಿ ಕುಡಿಸ್ತೀನಿ ಕಣೇ. ಆಮೇಲೆ ಬೈಕೋ."

"ಬೈಯೋಕೂ ಗಂಜಿ ಬೇಕಲ್ರೀ."

ಮಹಡಿಮನೆಯ ಜಗಲಿಯಲ್ಲಿ ಎರಡೂ ಹತ್ತಿ ಬೆರೆಸಿ ಹಿಂಜಿದ. ಅವಳದು ಯಾವುದು, ಇವರದು ಯಾವುದು ಎಂದು ಗುರುತು ಸಿಗದ ಹಾಗೆ ಎಲ್ಲ ಬೆಳ್ಳಗೆ ಹಾರಿ ಬಿತ್ತು. ಅವನ ಹುಬ್ಬು, ಮೀಸೆ ಅಲ್ಲೇ ನರೆತವು. ತುಂಬಿಸಿ, ಬಾಯಿ ಹೊಲಿಯುವ ಮುಂಚೆ ಅಮ್ಮನನ್ನು ಕರೆದ.

ಅಮ್ಮ ಅಂಗೈ ಊರಿ ಒತ್ತಿದರು. "ಮೆತ್ತಗೇನೋ ಇದೆ. ಕಾಲ್ಕಡೆ ತೆಳ್ಳಗಾಯ್ತಲ್ಲಪ್ಪ."

"ಇದ್ದಿದ್ದೆಲ್ಲ ಹಾಕಿದೀನಿ ತಾಯಿ."

"ನೀವು ಹಿಂಜೋರು, ಮನೇಲಿ ಒಂದು ಹಿಡಿ ಹತ್ತಿ ಇಟ್ಕೊಳ್ದೆ ಇರ್ತೀರಾ? ತಂದು ತುಂಬ್ಸು, ಕಾಸು ತಗೋ."

"ಅರ್ಧನಾದ್ರೂ ಈಗ ಕೊಡಿ ತಾಯಿ. ಮನೇಲಿ ಹುಷಾರಿಲ್ಲ."

"ಕೊಟ್ರೆ ನೀನು ಮತ್ತೆ ಈ ಬೀದಿಗೆ ತಲೆ ಹಾಕ್ತೀಯಾ? ಹೋದ್ಸಲ ಒಬ್ಬ ಹೀಗೇ..."

ಮನೆಯಲ್ಲಿ ದಿಂಬೊಂದು ಉಳಿದಿತ್ತು. ಅವಳ ತಲೆಯಡಿಗೆ ಅದೊಂದಾದರೂ ಇರಲಿ ಎಂದು ಬಿಟ್ಟುಬಂದಿದ್ದ. ನಿದ್ದೆ ಬಂದಿದ್ದರೆ ಮೆಲ್ಲಗೆ ತಲೆ ಎತ್ತಿ ಎಳೆದುಕೊಳ್ಳಬಹುದು.

ಅಮ್ಮ ಹೋದಸಲದವನ ಕತೆ ಹೇಳುತ್ತಲೇ ಇದ್ದರು. ಅವನು ಬಿಲ್ಲನ್ನು ಗೋಡೆಗೆ ಒರಗಿಸಿ, ಮೆಟ್ಟಿಲಿಳಿದು ಮನೆಯ ಕಡೆ ನಡೆದುಬಿಟ್ಟ.