ಪೋಪೋ ಎಣಿಸಿದ ತಿಂಗಳು

ತಳ್ಳುಗಾಡಿಯಲ್ಲಿ ಮಲಗಿದ ಯಾವ ಕೂಸು ಕಂಡರೂ ಪೋಪೋ ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಬೈಯುವುದು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬಗ್ಗಿ ನೋಡಿ, ಇಡೀ ಬೀದಿಗೆ ಕೇಳುವ ಹಾಗೆ "ಅಯ್ಯಾ! ಟೂ ಅಗ್ಲಿ!" ಎನ್ನುತ್ತಿದ್ದರು. ಸಿಡ್ನಿಯ ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನ ಹಿಂದೆ ನಾವಿದ್ದ ಇಟ್ಟಿಗೆ ಕಟ್ಟಡದಲ್ಲಿ ಹನ್ನೆರಡು ಮನೆಗಳಿದ್ದವು. ಅಲ್ಲಿನ ತಾಯಂದಿರಲ್ಲಿ ಅರ್ಧದಷ್ಟು ಜನ ಅವರೊಡನೆ ಮಾತು ಬಿಟ್ಟಿದ್ದರು. ನನಗೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ಅವರ ಆ 'ಅಯ್ಯಾ' ಗದಗಿನಲ್ಲಿ ನಮ್ಮವ್ವನ ಬಾಯಿಂದ ಬರುವ 'ಅಯ್ಯ'ದಂತೆಯೇ ಇತ್ತು.

ಬೈಗುಳದ ಗುಟ್ಟನ್ನು ಅವರ ಮಗ ಡೇವಿಡ್ ಒಮ್ಮೆ ಮೆಟ್ಟಿಲ ಮೇಲೆ ನಿಂತು ನನಗೆ ಬಿಡಿಸಿ ಹೇಳಿದ. ಕೂಸನ್ನು ಚಂದ ಎಂದರೆ ಕೇಳಬಾರದವರು ಕೇಳಿಸಿಕೊಂಡು ಎತ್ತಿಕೊಂಡು ಹೋಗುತ್ತಾರಂತೆ. ಇದು ನನಗೆ ಹೊಸದೇನಲ್ಲ. ನನ್ನ ಮುತ್ತಜ್ಜನ ಹೆಸರು ತಿಪ್ಪಣ್ಣ. ಅವನಿಗಿಂತ ಮೊದಲು ಹುಟ್ಟಿದ ಮೂವರು ಉಳಿಯದಿದ್ದಾಗ ಅವನನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟಿದ್ದರು. ಅದನ್ನು ಡೇವಿಡ್‌ಗೆ ಹೇಳಿದೆ, ಅವನು ಅಮ್ಮನಿಗೆ ಹೇಳಿದ. ಮರುದಿನದಿಂದ ಪೋಪೋ ನನ್ನನ್ನು ತಮ್ಮ ಪೈಕಿಯವಳೆಂದು ತೀರ್ಮಾನಿಸಿಬಿಟ್ಟರು.

ಪೋಪೋ ಎಂದರೆ ಅವರ ಚೀನೀ ಭಾಷೆಯಲ್ಲಿ ತಾಯಿಯ ತಾಯಿ. ಕಟ್ಟಡಕ್ಕೆಲ್ಲ ಅವರದು ಅದೇ ಹೆಸರು. ಎಂಬತ್ತರ ಹತ್ತಿರದ ಗಿಡ್ಡ ಹೆಂಗಸು, ಬಿಸಿಲಲ್ಲೂ ತೋಳಿಲ್ಲದ ಹತ್ತಿಯ ಕೋಟು ಬಿಚ್ಚದವರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳೇ ಇರಲಿಲ್ಲ. "ಕಾಲು. ಚಳಿ. ಸಾಕ್ಸ್!" ಎಂದರೆ ಅದು ಅಪ್ಪಣೆ. ನನಗೇಕೋ ಅವರ ಮಾತೆಲ್ಲ ಕನ್ನಡದಲ್ಲೇ ನೆನಪಿದೆ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಗದಗಿನಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಫೋನು ಮಾಡಿ, ಸುತ್ತಿ ಬಳಸದೆ, "ಸುಮಾ, ಅಪ್ಪ ಹ್ವಾದ" ಎಂದ. ವಿಮಾನ ಹತ್ತುವುದು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅಂತ್ಯಕ್ರಿಯೆಗೆ ಹೋಗಲಾಗಲಿಲ್ಲ. ನಾಲ್ಕನೆಯ ದಿನ ನೋವು ಬಂದು ಮಗಳು ಹುಟ್ಟಿದಳು. ಒಂದೂವರೆ ಕಿಲೋ ಇದ್ದಳು. ಎರಡಕ್ಕೂ ಸಂಬಂಧ ಕಲ್ಪಿಸಬೇಡಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಪೋಪೋ ಒಪ್ಪಲಿಲ್ಲ. "ಹೊಟ್ಟೆಯಲ್ಲಿ ಕೂಸು. ಫೋನು ಯಾಕೆ? ಯಾರು ಹೇಳಿದ್ದು?" ಎಂದು ಕಣ್ಣು ಕೆಂಪಗೆ ಮಾಡಿದರು. ಅಣ್ಣ ಎದುರಿಗಿದ್ದಿದ್ದರೆ ಏಟು ತಿನ್ನುತ್ತಿದ್ದ.

ಮಗಳು ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ಸುಮಾಳ ಮಗು' ಎಂದಷ್ಟೇ ಇತ್ತು. "ಒಂದು ಹೆಸರು ಸೆಲೆಕ್ಟ್ ಮಾಡು ಸುಮಾ, ರಿಜಿಸ್ಟರ್ ಮಾಡಿಸ್ಬೇಕು" ಎಂದು ಗಂಡ ಮಹೇಶ ಮೂರು ಸಲ ಕೇಳಿದ. ನನ್ನಿಂದ ಆಗಲಿಲ್ಲ. ಹೆಸರಿಟ್ಟು ಕರೆದ ಮೇಲೆ ಅದು ಹೋಗಿಬಿಟ್ಟರೆ, ಆ ಹೆಸರನ್ನು ಇಟ್ಟುಕೊಂಡು ನಾನೇನು ಮಾಡಲಿ ಎಂಬ ಭಯ. ಅದನ್ನು ಮಹೇಶನ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಫೋನಿನಲ್ಲಿ ಅವ್ವ ಅಳುತ್ತಿದ್ದಳು. "ನಿನ್ನ ಬಾಣಂತನ ಯಾರ ಮಾಡವರು? ನಾನರ ಈಗ ಹೆಂಗ ಬರ್ಲಿ?"

ಮಾಡಿದವರು ಪೋಪೋ. ಮಗಳು ಮನೆಗೆ ಬಂದ ದಿನವೇ ಮೇಲೆ ಹತ್ತಿ ಬಂದು ನಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದರು. ಫ್ರಿಜ್ಜಿನ ನೀರಿನ ಬಾಟಲಿಗಳನ್ನು ಸಿಂಕಿಗೆ ಸುರಿದರು. ಅವರಲ್ಲಿ ಕೂಸಿಗೆ ತಿಂಗಳು ತುಂಬುವ ತನಕ ಹಬ್ಬವಿಲ್ಲ, ಹೊಗಳಿಕೆಯಿಲ್ಲ, ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಹುಟ್ಟಿ ಐದು ವಾರ ಕಳೆದಿದೆಯಲ್ಲ ಎಂದೆ. ಅವರು ಗಾಳಿಯಲ್ಲಿ ಕೈಯಿಂದ ಒಂದು ಪೆಟ್ಟಿಗೆ ಬರೆದು, "ಅದು ಗಾಜಿನ ಹೊಟ್ಟೆ. ಲೆಕ್ಕಕ್ಕಿಲ್ಲ. ಇವತ್ತು ಒಂದು" ಎಂದು ತೋರುಬೆರಳೆತ್ತಿದರು. ಮಗಳು ಆವತ್ತೇ ಹುಟ್ಟಿದಳೆಂದು ಒಬ್ಬರಾದರೂ ಅಂದದ್ದು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ.

ಅವರಲ್ಲಿ ಬಾಣಂತಿಗೆ ಹಂದಿಯ ಕಾಲನ್ನು ಶುಂಠಿ ಮತ್ತು ಕಪ್ಪು ವಿನೆಗರಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಕೊಡುತ್ತಾರೆ. ನಾವು ಮೊಟ್ಟೆಯನ್ನೂ ಮುಟ್ಟದ ಮನೆತನದವರು. ನನಗಾಗಿ ಹಂದಿಯ ಜಾಗದಲ್ಲಿ ಶೇಂಗಾ ಹಾಕಿ ಬೇಯಿಸಿದರು. ಅದರ ಘಾಟು ಮೂರು ಅಂತಸ್ತು ಏರಿತು. ಬಟ್ಟಲು ಖಾಲಿಯಾಗುವ ತನಕ ಎದುರಿಗೇ ಕೂತಿರುತ್ತಿದ್ದರು. ನಾನು ಅತ್ತರೆ ಮಾತ್ರ ಗದರುತ್ತಿದ್ದರು. "ಅಳು ಬೇಡ. ಹಾಲು ಹೋಗ್ತದೆ. ತಿಂಗಳಾಗಲಿ, ಆಮೇಲೆ ಅಳು." ನಮ್ಮವ್ವನೂ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದಳು, ಹೇಳುತ್ತಲೇ ತಾನೂ ಅಳುತ್ತಿದ್ದಳು.

ಮೂರನೆಯ ವಾರ ಪೋಪೋ ಚಕ್ರದ ಚೀಲ ಎಳೆದುಕೊಂಡು ಮನೆಮನೆಗೆ ಹೊರಟರು. ನಿತ್ರಾಣದ ಕೂಸಿಗೆ ನೂರು ಮನೆಯಿಂದ ಬಟ್ಟೆಯ ತುಣುಕು ಬೇಡಿ ತಂದು ಹೊದಿಕೆ ಹೊಲಿದರೆ ನೂರು ಮನೆಯ ಆಯಸ್ಸು ಅದಕ್ಕೆ ಸೇರುತ್ತದಂತೆ. ನಮ್ಮ ಕಡೆಯ ಕೌದಿಯೇ, ಆದರೆ ನಾವು ಹೊಲಿಯುವುದು ಮನೆಯ ಹಳೆ ಸೀರೆಗಳಿಂದ. ಇವರದು ಭಿಕ್ಷೆಯ ಕೌದಿ. ಲೆಬನಾನಿನ ಬ್ರೆಡ್ ಅಂಗಡಿಯಾಕೆ, ಗುಜರಾತಿ ಮಿಠಾಯಿಯವರು, ಕೊರಿಯಾದ ಹುಡುಗಿಯರು, ತಮ್ಮೊಡನೆ ಮಾತು ಬಿಟ್ಟಿದ್ದ ತಾಯಂದಿರು ಎಲ್ಲರ ಬಾಗಿಲನ್ನೂ ತಟ್ಟಿದರು. ಬಿಗುಮಾನವನ್ನು ಬದಿಗಿಟ್ಟು ಕೈಚಾಚಿ ನಿಂತರಂತೆ. ಇಲ್ಲ ಎಂದವರು ಒಬ್ಬರೂ ಇರಲಿಲ್ಲ.

ಕೊನೆಗೆ ನನ್ನ ಮುಂದೆಯೂ ಕೈ ಒಡ್ಡಿದರು. ಕೂಸಿಗೆ ಸುತ್ತಲೆಂದು ಅವ್ವ ಕಳಿಸಿದ್ದ ಪಾರ್ಸಲಿನಲ್ಲಿ ಅಪ್ಪನ ಹಳೆಯ ಧೋತರವಿತ್ತು. ತೊಳೆದು ತೊಳೆದು ಮೆತ್ತಗಾದ ಬಿಳಿ ಬಟ್ಟೆ. ಅದರಿಂದ ಒಂದು ತುಂಡು ಕತ್ತರಿಸಿ ಕೊಟ್ಟೆ. ಪೋಪೋ ಬೆಂಕಿ ತಾಗಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಅವರಿಗೆ ಬಿಳಿ ಸಾವಿನ ಬಣ್ಣವೆಂದು ನನಗೆ ಗೊತ್ತಿರಲಿಲ್ಲ.

"ಯಾರದು?"

"ನಮ್ಮ ಅಪ್ಪಂದು."

ಅವರು ಆ ತುಂಡನ್ನು ಎರಡೂ ಕೈಯಿಂದ ತೆಗೆದುಕೊಂಡು ಇಳಿದು ಹೋದರು. ಎಂಥ ಅಪಶಕುನ ಮಾಡಿಬಿಟ್ಟೆನೋ ಎಂದು ಆ ದಿನವೆಲ್ಲ ನನಗೆ ಅನ್ನ ಇಳಿಯಲಿಲ್ಲ.

ಮೂವತ್ತನೆಯ ದಿನ ನಮ್ಮ ಬಾಗಿಲಿಗೆ ಕೆಂಪು ಕಾಗದ ಅಂಟಿಸಿದರು. ಕೂಸಿನ ಕಾಲಿಗೆ ತಾವೇ ಹೊಲಿದ ಹುಲಿಮುಖದ ಬೂಟು ತೊಡಿಸಿದರು. ಕೇಡು ಬಂದರೆ ಹೆದರಿಸಲೆಂದು ಆ ಹುಲಿಗಳಿಗೆ ದೊಡ್ಡ ದೊಡ್ಡ ಕಣ್ಣು. ಕೆಂಪು ಬಣ್ಣದಲ್ಲಿ ಅದ್ದಿದ ಬೇಯಿಸಿದ ಮೊಟ್ಟೆಗಳ ಬುಟ್ಟಿ ಕಟ್ಟಡದ ಮನೆಮನೆಗೂ ಹೋಯಿತು. ಮೊಟ್ಟೆ ಮುಟ್ಟದ ಮನೆತನವನ್ನು ಮರೆತು ಮಹೇಶ ಬಾಣಂತಿಯ ಪಾಲೂ ತನ್ನದೆಂದು ಐದು ತಿಂದ. ಆಮೇಲೆ ಪೋಪೋ ಕೌದಿ ಬಿಚ್ಚಿ ಹಾಸಿದರು. ನಟ್ಟನಡುವೆ ಅಂಗೈಯಗಲದ ಕೆಂಪು ತುಂಡು. ನೇಯ್ಗೆ ನೋಡಿ ಗುರುತು ಹಿಡಿದೆ. ಮೊಟ್ಟೆಯ ಬಣ್ಣದಲ್ಲೇ ಅಪ್ಪನ ಧೋತರವನ್ನೂ ಅದ್ದಿದ್ದರು.

"ಅಜ್ಜನೂ ಬರಲಿ," ಎಂದರು. "ಬಿಳಿ ಬೇಡ. ಕೆಂಪು ಉಟ್ಟು ಬರಲಿ."

ಹೀಗೆ ಮಾಡುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ, ಅಮ್ಮ ತಾನೇ ಹುಟ್ಟಿಸಿದ್ದು ಎಂದು ಡೇವಿಡ್ ಪಿಸುಗುಟ್ಟಿದ. ನನಗೆ ಅಳು ತಡೆಯಲಾಗಲಿಲ್ಲ. ತಿಂಗಳು ತುಂಬಿತ್ತಲ್ಲ, ಪೋಪೋ ಗದರಲಿಲ್ಲ. ಬೆನ್ನು ಸವರುತ್ತ, "ಹೆಸರು?" ಎಂದು ಕೇಳಿದರು. ಅಪ್ಪ ಒಮ್ಮೆ ಫೋನಿನಲ್ಲಿ, ಹೆಣ್ಣಾದರೆ ಗೌರಿ ಎಂದಿಡು ಎಂದಿದ್ದರು. ಗೌರಿ ಎಂದೆ. ಮಗಳ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಗೋ-ಲೀ, ಗೋ-ಲೀ" ಎಂದು ಪೋಪೋ ಎರಡು ಸಲ ಕರೆದರು. ಆ ಗೋಲಿ ಕಣ್ಣು ಬಿಟ್ಟು ಅವರನ್ನೇ ನೋಡಿದಳು.

ಗೌರಿಗೆ ಎರಡು ವರ್ಷವಾದಾಗ ಮಹೇಶನಿಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ ಕೆಲಸ ಸಿಕ್ಕಿತು. ನಾವು ಆ ಊರಂಚಿನ ಕ್ರೇಗಿಬರ್ನಿಗೆ ಮನೆ ಬದಲಿಸಿದೆವು. ಭಾನುವಾರಕ್ಕೊಮ್ಮೆ ಪೋಪೋಗೆ ಫೋನು ಮಾಡುತ್ತಿದ್ದೆ. ಕೈಸನ್ನೆ ಕಾಣದ ಫೋನಿನಲ್ಲಿ ಅವರ ಇಂಗ್ಲಿಷ್ ಇನ್ನೂ ಬಡವಾಗುತ್ತಿತ್ತು. "ಗೋ-ಲೀ ಊಟ? ನೀನು ಊಟ?" ಅಷ್ಟೇ ಕೇಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಎರಡನೆಯ ಬಸುರಿನ ಸುದ್ದಿ ಹೇಳಿದಾಗ ಅವರು ನಕ್ಕ ಸದ್ದು ಇನ್ನೂ ಕಿವಿಯಲ್ಲಿದೆ. ಈ ಸಲ ಮಗ ದಿನ ತುಂಬಿಯೇ ಹುಟ್ಟಿದ. ಅವ್ವನೂ ಗದಗಿನಿಂದ ಬಂದಿದ್ದಳು. ಹುಟ್ಟಿದ ದಿನವೇ ಪೋಪೋಗೆ ತಿಳಿಸಿದೆ. ಮುಂದಿನ ಭಾನುವಾರ ಅವರ ದನಿ ತೀರ ಸಣ್ಣದಾಗಿತ್ತು. ಆಮೇಲೆ ಮಾಡಿದಾಗಲೆಲ್ಲ ಡೇವಿಡ್ ಎತ್ತಿಕೊಂಡ. ಒಮ್ಮೆ ಅಮ್ಮ ಮಲಗಿದ್ದಾರೆ ಎಂದ, ಒಮ್ಮೆ ಹೊರಗೆ ಹೋಗಿದ್ದಾರೆ ಎಂದ, ಮತ್ತೊಮ್ಮೆ ಗಂಟಲು ಕಟ್ಟಿದೆ ಎಂದ. ಕೂಸಿನ ಗಡಿಬಿಡಿಯಲ್ಲಿ ನಾನು ನಂಬಿದೆ. ಮುಂದಿನ ಸಲ ಹೇಳೋಣವೆಂದು ಮಗನ ಸಣ್ಣಪುಟ್ಟ ಸುದ್ದಿಗಳನ್ನು ಕೂಡಿಡುತ್ತ ಹೋದೆ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಡೇವಿಡ್ ತಾನಾಗಿ ಫೋನು ಮಾಡಿದ.

"ಸುಮಾ, ನಿನ್ನೆಗೆ ಮೂವತ್ತು ಆಯ್ತಲ್ಲವಾ?"

"ಹೌದು."

"ಮಗು ಹಾಲು ಚೆನ್ನಾಗಿ ಕುಡೀತಿದಾನಾ?"

"ಕುಡೀತಿದಾನೆ. ಪೋಪೋ ಎಲ್ಲಿ?"

ಆಗ ಅವನು ಎಲ್ಲ ಹೇಳಿದ. ಪೋಪೋ ತೀರಿಕೊಂಡದ್ದು ನನ್ನ ಮಗ ಹುಟ್ಟಿದ ಒಂಬತ್ತನೆಯ ದಿನ. ಆಸ್ಪತ್ರೆಯಲ್ಲಿ ಮಾತು ನಿಲ್ಲುವ ಮುಂಚೆ ಡೇವಿಡ್‌ನ ಕೈ ಹಿಡಿದು ಬೆರಳು ಮಡಚಿಸಿ ಎಣಿಸಿದ್ದರಂತೆ. ತಿಂಗಳು ತುಂಬಲಿ, ಅಲ್ಲಿಯವರೆಗೆ ಅವಳಿಗೆ ಹೇಳಬೇಡ, ಹಾಲು ಹೋಗುತ್ತದೆ ಎಂದಿದ್ದರಂತೆ. ಇಪ್ಪತ್ತೆರಡು ದಿನ ಡೇವಿಡ್ ಅಮ್ಮನನ್ನು ಕಳಕೊಂಡ ದುಃಖವನ್ನು ನುಂಗಿಕೊಂಡು ನನ್ನೊಡನೆ ಸುಳ್ಳು ಹೇಳಿದ್ದ.

ಮಗನನ್ನು ಅವ್ವನ ಕೈಗೆ ಕೊಟ್ಟು ನಾನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತೆ. ನಾನು ಅಳಬಹುದಾದ ದಿನವನ್ನೂ ಪೋಪೋ ಗೊತ್ತುಮಾಡಿ ಹೋಗಿದ್ದರು.